ಎಮ್ಮೆ ತಿಂದ ಗೋಡೆ

ಶರಣು, ಸುಜಾತಾ, ನಮ್ಮ ಮುಡಬಿಯ ಮನೆಯ ಪಡಸಾಲೆಯಲ್ಲಿ ಹಿಂದೆ ಜೋಳದ ದಂಟಿನ ಗೋಡೆಯೊಂದಿತ್ತು. ಕಟ್ಟಿದವಳು ನಿಮ್ಮ ಮುತ್ಯಾನ, ಅಂದರೆ ನನ್ನ ಗಂಡನ, ಅಕ್ಕ ಕಾಶಕ್ಕ. ನನ್ನ ಮುಖ ಕಾಣಬಾರದೆಂದೇ ಕಟ್ಟಿದಳು. ಅವಳ ಹೆಸರು ಬಂದರೆ ನಿಮ್ಮಪ್ಪ ಮಾತು ತಿರುಗಿಸುತ್ತಾನೆ. ನನಗೂ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಘಾಟಬೋರಾಳದಿಂದ ಸೊಸೆಯಾಗಿ ಬಂದೆ. ಗಂಡ ಸತ್ತು ತವರಿಗೆ ಮರಳಿದ್ದ ಕಾಶಕ್ಕನೇ ಮನೆಯ ಯಜಮಾನಿ. ಅವಳ ಕೈಯಲ್ಲಿ ಜೋಳದ ಒಂದು ಗರಿಯೂ ದಂಡವಾಗುತ್ತಿರಲಿಲ್ಲ. ಕಾಳು ರೊಟ್ಟಿಗೆ, ನುಚ್ಚು ಮಜ್ಜಿಗೆಯ ಜೊತೆಗೆ, ಹೊಟ್ಟು ಎಮ್ಮೆಗೆ. ಎಳೆ ತೆನೆ ಸುಟ್ಟರೆ ಸೀತನಿ. ಸೀರೆಗೆ ಹಾಕುವ ಗಂಜಿ, ಒಲೆಗೆ ಒಟ್ಟುವ ಕೂಳೆ, ಕೊಟ್ಟಿಗೆಯ ಮಾಡು, ಎಲ್ಲವೂ ಜೋಳದ್ದೇ. ನನ್ನನ್ನು ಬೈಯುವುದಕ್ಕೂ ಅವಳಿಗೆ ಜೋಳವೇ ಬೇಕಿತ್ತು.

“ನೀ ಯಾರ ಜ್ವಾಳ ತಿನ್ನಾಕತ್ತೀ?”

ನಾನು ತುಸು ಕುಳಿತರೂ ಇದು, ನಕ್ಕರೂ ಇದು. ನಾನು ರೊಟ್ಟಿ ತಟ್ಟುವ ಸಪ್ಪಳ ಕೇಳಿ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು: “ರೊಟ್ಟಿ ಬಡ್ಯಾಕತ್ತಿಯೋ, ಗ್ವಾಡಿಗಿ ಸಗಣಿ ಕುಳ್ಳ ಬಡ್ಯಾಕತ್ತಿಯೋ?” ಒಮ್ಮೆ ನನ್ನ ಭುಜದಲ್ಲಿ ಕುರು ಎದ್ದಾಗ ಜೋಳದ ಹಿಟ್ಟು ಬೇಯಿಸಿ, ಕುದಿಯುವುದನ್ನೇ ತಂದು ಕಟ್ಟಿದಳು. ಚರ್ಮ ಸುಟ್ಟಿತು, ಕುರು ಒಡೆದು ವಾಸಿಯೂ ಆಯಿತು. ಹಿಟ್ಟು ದಂಡವಾಯಿತೆಂದು ಅವಳು ವಾರವಿಡೀ ಗೊಣಗಿದಳು.

ನಿಮ್ಮ ಮುತ್ಯಾ ಜ್ವರದಲ್ಲಿ ತೀರಿಕೊಂಡಾಗ ನಿಮ್ಮಪ್ಪನಿಗೆ ಇನ್ನೂ ಹಾಲುಹಲ್ಲು. ದಿನಕರ್ಮ ಮುಗಿದ ದಿನ, ನೆಂಟರೆದುರಿಗೇ ಕಾಶಕ್ಕ ಹೇಳಿದಳು:

“ಹುಡುಗ ನಮ್ಮವ. ನೀ ಘಾಟಬೋರಾಳಕ್ಕ ಹೋಗು.”

ನಾನು ಹೋಗಲಿಲ್ಲ. ಮಗನನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಅಲ್ಲೇ ಕುಳಿತೆ.

ಮರುದಿನ ಆ ಗೋಡೆ ಎದ್ದಿತು. ಕಿಟಕಿಯಿಲ್ಲದ ಕಡೆ ನನಗೂ ಮಗನಿಗೂ. ಹಳೆಯ ಒಲೆಯೊಂದನ್ನು ಕೊಟ್ಟಳು, ಕಾಳು ಕೊಡಲಿಲ್ಲ. ತಮ್ಮ ಜೋಳ ಮುಟ್ಟಕೂಡದೆಂದಳು. ಹಸಿದು ತಾನೇ ಹೋಗುತ್ತಾಳೆ ಎಂದು ಅವಳ ಲೆಕ್ಕ. ನಾನು ಕೊಹಿನೂರ ಊರಿನ ಹೊಲಗಳಿಗೆ ಕೊಯ್ಲಿಗೆ ಹೋದೆ. ನಮ್ಮ ಮನೆಯ ಹೆಂಗಸರು ಕೂಲಿಗೆ ಹೋದದ್ದು ಅದೇ ಮೊದಲು. ಕೂಲಿಗೆ ತೆನೆ ಕೊಡುತ್ತಿದ್ದರು. ತಂದು ಬಡಿದು, ಹಸನು ಮಾಡಿ, ನನ್ನದೇ ಗಡಿಗೆ ತುಂಬಿದೆ.

ಆದರೆ ಕಾಶಕ್ಕ ಒಂದು ಮಾತು ಮರೆತಿದ್ದಳು. ಆ ಪಡಸಾಲೆಯ ತುದಿಯ ಕೊಟ್ಟಿಗೆಯಲ್ಲೇ ನಮ್ಮ ಎಮ್ಮೆ ಕಟ್ಟುತ್ತಿದ್ದೆವು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಎಮ್ಮೆ ಹಗ್ಗ ಹರಿದುಕೊಂಡು ಬಂದು, ಗೋಡೆಯ ನಡುವೆ ಆಳು ನುಸುಳುವಷ್ಟು ತಿಂದುಹಾಕಿತು.

“ನಮ್ಮ ಎಮ್ಮಿಗೂ ನಿನ್ನ ಚಾಳಿ ಕಲಿಸಿಕೊಟ್ಟೀ ಏನ?” ಎಂದಳು ಕಾಶಕ್ಕ.

ತೇಪೆ ಹಾಕಿದಳು, ಎಮ್ಮೆ ಅದನ್ನೂ ತಿಂದಿತು. ಪ್ರತಿ ಸುಗ್ಗಿಗೆ ಹೊಸ ಗೋಡೆ, ಬೇಸಗೆಗೆ ಮತ್ತೆ ತೂತು. ಓಣಿಯವರು ನಗದೆ ಕೇಳುತ್ತಿದ್ದರು: “ಕಾಶಕ್ಕ, ಈ ಸಲ ಗ್ವಾಡಿ ಎಷ್ಟ್ ಉಳದದರಿ?” ಆ ತೂತಿನಲ್ಲಿ ನನಗೆ ಕಾಣುತ್ತಿದ್ದುದು ಬೆನ್ನು ಮಾಡಿ ಕುಳಿತು ಒಬ್ಬಳೇ ಉಣ್ಣುವ ಕಾಶಕ್ಕ. ಹೀಗೆ ವರ್ಷಗಳು ಹೋದವು. ನಿಮ್ಮಪ್ಪ ಬಸವಕಲ್ಯಾಣದ ಹೈಸ್ಕೂಲಿಗೆ ಸೇರಿದ.

ಒಂದು ಬೇಸಗೆಯ ಬೆಳಗ್ಗೆ ಆಚೆ ಕಡೆ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಬಿಸಿಲೇರುವವರೆಗೆ ಕಾದೆ. ಕೊನೆಗೆ ನನ್ನ ಗಡಿಗೆಯ ಜೋಳದ ಅಂಬಲಿ ಬಟ್ಟಲಿಗೆ ಹಾಕಿಕೊಂಡು, ಎಮ್ಮೆ ತಿಂದ ತೂತಿನಲ್ಲೇ ಬಗ್ಗಿ ಆಚೆಗೆ ಹೋದೆ. ಚಾಪೆಯ ಮೇಲೆ ಬಿದ್ದಿದ್ದಳು. ತಲೆ ಎತ್ತಿ ಹಿಡಿದೆ. ಬಟ್ಟಲು ತುಟಿಗೆ ತಾಗಿದರೂ ಬಾಯಿ ತೆರೆಯದೆ ಕೇಳಿದಳು:

“ಯಾರ ಜ್ವಾಳ?”

“ನಂದು.”

ಅವಳಿಗೆ ನಾನು ಎದುರಾಡಿದ ಮೊದಲ ಮಾತು ಅದು. ನನ್ನನ್ನೇ ನೋಡಿದಳು. ಆಮೇಲೆ ತಳದವರೆಗೆ ಕುಡಿದು, “ಹುಳಿ ಆಗ್ಯಾದ” ಎಂದಳು. ಸ್ವಲ್ಪ ಹೊತ್ತಿಗೆ ಎಮ್ಮೆಯ ಕಡೆ ಕಣ್ಣು ಹೊರಳಿಸಿದಳು.

“ಗ್ವಾಡಿ ಕಿತ್ತು ಹಾಕು. ಎಮ್ಮಿ ಉಪಾಸ ಅದ.”

ಅಂದೇ ಸಂಜೆಯೊಳಗೆ ಹೋದಳು. ಮಣ್ಣು ಮುಗಿಸಿ ಬಂದು ನಾನು ಗೋಡೆ ಕಿತ್ತು ಎಮ್ಮೆಯ ಮುಂದೆ ಹಾಕಿದೆ. ಮನೆ ಮೊದಲಿನಂತೆ ಒಂದಾಯಿತು. ಅವಳಿಗೆ ನನ್ನ ಮೇಲೆ ಕರುಣೆ ಹುಟ್ಟಿತೆಂದು ತಿಳಿಯಬೇಡಿ. ಅವಳಿಗೆ ಎಮ್ಮೆಯ ಚಿಂತೆ. ನನ್ನ ಸಿಟ್ಟೂ ಇನ್ನೂ ಇಳಿದಿಲ್ಲ.

ಈ ಹಾಳೆಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ. ನಿಮ್ಮಪ್ಪ ಕೇಳಿದರೆ ಓದಲು ಕೊಡಿ, ಹರಿಯಲು ಬಿಡಬೇಡಿ. ಕೊಟ್ಟಿಗೆಯ ಕಡೆ ಮಾತ್ರ ಒಯ್ಯಬೇಡಿ.