ಹುಲ್ಲಿಲ್ಲದ ಅಂಗಳದಾಕಿ

ಆಕಿಯ ಬಲಗೈ ಹೆಬ್ಬೆರಳಿನ ಉಗುರು ಎಮ್ಮಿ ಕೊಂಬಿನಂಗೆ ದಪ್ಪ, ಕರ್ರಗೆ. ಅದರ ಸಂದಿಯಲ್ಲಿ ಯಾವಾಗಲೂ ಮಣ್ಣು. ನೆಲದ ಮೇಲೆ ಹುಲ್ಲಿನ ಒಂದು ಎಳೆ ಕಂಡರೆ ಸಾಕು, ನಡು ಬಗ್ಗಿಸಿ, ಆ ಉಗುರು ಊರಿ, ಬೇರುಸಮೇತ ಕಿತ್ತುಬಿಡುತ್ತಿದ್ದಳು. ಕಿತ್ತ ಬೇರನ್ನು ಬಿಸಿಲಿಗೆ ಹಿಡಿದು ನೋಡುವಳು, ಪೂರ್ತಿ ಬಂತೋ ತುಂಡಾಯಿತೋ ಅಂತ. ತುಂಡಾಗಿದ್ದರೆ ಬೈಗುಳ.

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಬೀದಿಯಲ್ಲಿ ಎಲ್ಲರ ಮನಿ ಮುಂದೂ ಹುಲ್ಲು. ಶನಿವಾರ ಬಂತೆಂದರೆ ಗಂಡಸರು ಮಶೀನು ತಳ್ಳಿ ಅದನ್ನು ಕತ್ತರಿಸುವುದು, ಆಮೇಲೆ ನೀರುಣಿಸಿ ಮತ್ತೆ ಬೆಳೆಸುವುದು. ದನವಿಲ್ಲ ಕರುವಿಲ್ಲ, ಇಷ್ಟು ಹುಲ್ಲು ಯಾಕೆ ಅಂತ ಬಂದ ಹೊಸದರಲ್ಲಿ ಮಗಳನ್ನು ಕೇಳಿದ್ದೆ. "ಅವ್ವಾ, ಇಲ್ಲೆ ಹಂಗ," ಅಂದಳು. ಬಾಜೂ ಮನಿ ಮುದುಕಿಯ ಅಂಗಳದಲ್ಲಿ ಮಾತ್ರ ಹುಲ್ಲಿನ ಸುಳಿವಿಲ್ಲ. ಬರೀ ಮಣ್ಣು, ತುಳಿದು ತುಳಿದು ಗಟ್ಟಿಯಾದ ಮಣ್ಣು. ಬೆಳಿಗ್ಗೆ ಎದ್ದು ಕಡ್ಡಿ ಕಸಬರಿಗೆಯಿಂದ ಗುಡಿಸುತ್ತಿದ್ದಳು. ಗುಡಿಸಿದ ಗೆರೆಗಳು ಹಂಗೇ ಮೂಡಿರುತ್ತಿದ್ದವು. ಆಕಿಗೆ ತಲೆ ಸರಿಯಿಲ್ಲ ಅಂತ ಬೀದಿಯವರ ಮಾತು. ನನಗೆ ಮಾತ್ರ ಆ ಅಂಗಳ ಕಂಡು ನೀರಿನ ಥಳಿ ಹೊಡೆದು ರಂಗೋಲಿ ಹಾಕುವುದೊಂದೇ ಬಾಕಿ ಅನ್ನಿಸಿತ್ತು.

ಒಂದು ಬೆಳಿಗ್ಗೆ ನಾನೂ ಕಸಬರಿಗೆ ತೊಗೊಂಡು ಹೋಗಿ ಆಕಿಯ ಅಂಗಳದ ಇನ್ನೊಂದು ತುದಿಯಿಂದ ಗುಡಿಸತೊಡಗಿದೆ. ನಾನು ಕೇಳಲಿಲ್ಲ, ಆಕಿ ಬ್ಯಾಡ ಅನ್ನಲಿಲ್ಲ. ನಟ್ಟನಡುವೆ ಎರಡು ಕಸಬರಿಗೆ ಕೂಡಿದಾಗ ಆಕಿ ನೆಟ್ಟಗೆ ನಿಂತು ಕೇಳಿದ ಮೊದಲ ಮಾತು: "ನೀ ಯಾರ ಪೈಕಿ?"

ಆಕಿ ಆಡಿದ್ದು ಇಂಗ್ಲಿಷು. ನನಗೆ ತಿಳಿದದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟಾಕಿ, ಇಂಗ್ಲಿಷ್ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಟೀವಿ ನೋಡಿ. ಇಲ್ಲಿಯವರು ಅರ್ಧ ಮಾತು ನುಂಗುತ್ತಾರೆ. ಈಕಿ ಎಳೆದೆಳೆದು ಮಾತಾಡುವಾಕಿ, ಹಂಗಾಗಿ ತಿಳಿಯುತ್ತಿತ್ತು. ನನ್ನ ಹರಕು ಇಂಗ್ಲಿಷು ಆಕಿಗೆ ಹೆಂಗೆ ತಿಳಿಯುತ್ತಿತ್ತೋ ನಾ ಕಾಣೆ.

ಟೂಂಗಾಬಿಯ ಅಂಗಡಿಯಲ್ಲಿ ನಮ್ಮ ಮಂದಿ ಸಿಕ್ಕರೆ ಕೇಳುವುದೇ ಬ್ಯಾರೆ. ಅಳಿಯನ ಕೆಲಸ ಎಲ್ಲಿ, ಇಲ್ಲೇ ಕಾಯಂ ಇರಲು ಪಿಆರ್ ಆಯಿತಾ, ಮನಿ ಸ್ವಂತದ್ದೋ ರೆಂಟೋ. ಯಾರ ಪೈಕಿ ಅಂತ ಈ ದೇಶದಲ್ಲಿ ನನ್ನನ್ನು ಕೇಳಿದಾಕಿ ಆಕಿ ಒಬ್ಬಳೇ. ಆಕಿಯ ಮನಿ ಕಟ್ಟೆಯ ಮೇಲೆ ಕೂತು ಹೇಳಿದೆ. ನಮ್ಮಪ್ಪ, ಅವನಪ್ಪ, ಅವನಪ್ಪ. ನಮ್ಮ ಧಾರವಾಡದ ಕಡೆ ಹೆಳವ ಅಂತ ಬರುತ್ತಿದ್ದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಮನಿ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರನ್ನೆಲ್ಲ ಹೇಳುವವ. ಯಾರ ಮಗ ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಎಲ್ಲ ಬಾಯಿಲೆ. ಅವನು ಹೇಳಿದ್ದು ನನ್ನ ತಲೆಯಲ್ಲಿ ಉಳಿದಿತ್ತು.

ಆಕಿ ಕೇಳಿ, "ಚೊಲೊ. ಈಗ ನಂದು ಕೇಳು," ಅಂದಳು. ಹೆಳವನಿಗಿಂತ ಜೋರು. ಆಕಿಯ ಮಂದಿ ಮೊದಲು ಅಮೆರಿಕದ ಉತ್ತರ ಕ್ಯಾರೊಲಿನಾ ಅಂಬೋ ರಾಜ್ಯದಲ್ಲಿದ್ದರಂತೆ. ಹೊಲ ಸವೆದವು, ಗುಡ್ಡ ದಾಟಿ ಟೆನೆಸೀಗೆ ಬಂದರು. ಅಲ್ಲಿ ಅಣ್ಣತಮ್ಮರು ಬಡಿದಾಡಿ ಬ್ಯಾರೆಯಾದರು. ಒಬ್ಬ ಅಲಬಾಮಾಕ್ಕೆ ಬಂದ, ಈಕಿ ಅವನ ಪೈಕಿ. ಇನ್ನೊಬ್ಬ ಟೆಕ್ಸಸ್‌ಗೆ ಹೋದ. "ಆ ಕಡೆಯವರು ಈಗ ದೊಡ್ಡ ದೊಡ್ಡ ಟೋಪಿಗಿ ಹಾಕ್ಕೊಂಡು ಮೆರೀತಾರ. ನಾವು ಅವರ ಜೋಡಿ ಮಾತಾಡೂದಿಲ್ಲ." ಅವರು ಬಡಿದಾಡಿ ಎಷ್ಟು ತಲೆಮಾರು ಆಗಿತ್ತೋ, ಆಕಿಯ ಸಿಟ್ಟು ಮಾತ್ರ ನಿನ್ನೆಯದು. ಇದು ನಮ್ಮೂರ ಮಂದಿಯದೇ ಜಾತಿ ಅಂತ ನನಗೆ ಆವತ್ತೇ ಗೊತ್ತಾಯಿತು.

ನನ್ನ ಅಳಿಯ ಮೈಸೂರಿನವ. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕಂಪ್ಯೂಟರ್ ಕೆಲಸ. ಹುಡುಗ ಒಳ್ಳೆಯವನೇ, ನಾಲಿಗೆ ಸ್ವಲ್ಪ ಉದ್ದ. ಇಲ್ಲಿ ಅಮೆರಿಕದವರನ್ನೆಲ್ಲ ಯ್ಯಾಂಕ್ ಅನ್ನುತ್ತಾರೆ. ಅವನೂ ಒಂದಿನ ಬೇಲಿಯ ಈಚೆ ನಿಂತು ನಗುತ್ತ ಹಂಗೆ ಅಂದ. ಆಕಿ ಕಸಬರಿಗೆ ಎತ್ತಿ ಹಿಡಿದಳು.

"ಯ್ಯಾಂಕ್ ಅಂದ್ರ ಉತ್ತರದವರು. ನಾ ಉತ್ತರದಾಕಿ ಅಲ್ಲ. ಹಂಗಂತ ದಕ್ಷಿಣದ ಹತ್ತಿ ಸಾಹುಕಾರರ ಪೈಕಿನೂ ಅಲ್ಲ. ಅವರಿಬ್ಬರೂ ಯುದ್ಧ ಮಾಡಿದಾಗ ನಮ್ಮ ಮುತ್ತಜ್ಜ ಯಾರ ಕಡೆನೂ ಹೋಗದೆ ಗುಡ್ಡದ ಗವಿಯಾಗ ಅಡಗಿದ್ದ. ನಾವು ಗುಡ್ಡದ ಮಂದಿ. ಇನ್ನೊಮ್ಮೆ ಹಂಗಂದ್ರ ಹಲ್ಲು ಉದುರಿಸ್ತೇನಿ."

ಅಳಿಯ ನನ್ನ ಮುಖ ನೋಡಿದ. "ನಿನ್ನ ಯಾರರ ಮದ್ರಾಸಿ ಅಂದ್ರ ನೀ ಸುಮ್ನಿರ್ತಿಯೇನು?" ಅಂದೆ. "ಸಾರಿ ಆಂಟಿ," ಅಂತ ಆಕಿಗೆ ಹೇಳಿ ಒಳಗೆ ಹೋದ.

ಈಗ ನನ್ನ ಚಿಂತೆಯ ಮಾತು ಹೇಳಬೇಕು. ಅದಿಲ್ಲದಿದ್ದರೆ ಆಕಿ ನನಗೆ ಏನು ಮಾಡಿದಳು ಅಂತ ತಿಳಿಯುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿಯಲ್ಲಿ ಕೂಡ್ರಿಸಿ ಮಣ್ಣು ಕೊಡುತ್ತೇವೆ. ನನ್ನ ಗಂಡ ನಮ್ಮ ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ, ಅವನ ಅಪ್ಪ ಅಜ್ಜಂದಿರ ಸಾಲಿನಲ್ಲೇ ಇದ್ದಾನೆ. ಅಳಿಯನ ಕಡೆಯವರು ಸುಡುವವರು. ಅವನ ಗೆಳೆಯನ ತಂದೆ ಸಿಡ್ನಿಯಲ್ಲೇ ತೀರಿಕೊಂಡಾಗ, "ಕ್ರೆಮೆಟೋರಿಯಂ ಬುಕ್ ಮಾಡ್ಬಿಡು ಮಾರಾಯ, ಅರ್ಧ ದಿನದಲ್ಲಿ ಎಲ್ಲಾ ಮುಗಿಯುತ್ತೆ," ಅಂತ ಇವನು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವತ್ತಿನಿಂದ ನಿದ್ದಿ ಕೆಟ್ಟಿತು. ಸಾಯುವುದಕ್ಕೆ ನಾನು ಅಂಜಿದಾಕಿ ಅಲ್ಲ. ಬೆಂಕಿ ಬ್ಯಾಡ, ಅಷ್ಟೇ. ಮಗಳ ಮುಂದೆ ಆ ಮಾತು ಎತ್ತಿದರೆ, "ಅವ್ವಾ, ಈಗ್ಯಾಕ ಅದೆಲ್ಲಾ?" ಅಂತ ಎದ್ದು ಪಾತ್ರೆ ತೊಳೆಯಲು ಹೋಗುವಳು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುವಳು. ಅಳಿಯನ ಮುಂದೆ ಎತ್ತಲು ನನಗೆ ಬಾಯಿ ಬರಲಿಲ್ಲ. ಮಗಳ ಮನಿಯಲ್ಲಿ ಉಳಿದಾಕಿ, ಹಿಂಗೇ ಮಾಡಿರಿ ಅನ್ನಲು ನಾನ್ಯಾರು ಅಂತ ಸುಮ್ಮನಾದೆ. ಬೇಲಿಯ ಆಚೆ ಆಕಿಗೆ ಮಾತ್ರ ಹೇಳಿದ್ದೆ. ಆಕಿ ಕೇಳಿ ಹೂಂ ಅಂದಿದ್ದಳು, ಅಷ್ಟೇ.

ಆಕಿಯ ಅಲಬಾಮಾದ ಗುಡ್ಡದಲ್ಲಿ ಒಂದು ಪದ್ಧತಿ ಇತ್ತಂತೆ. ಮೇ ತಿಂಗಳ ಒಂದು ಭಾನುವಾರ ಇಡೀ ಮನೆತನ ತಮ್ಮ ಗೋರಿಗಳ ಹತ್ತಿರ ಕೂಡುವುದು. ಸಲಿಕೆಯಿಂದ ಹುಲ್ಲೆಲ್ಲ ಕೆರೆದು, ಮಣ್ಣು ಏರಿಸಿ, ಗುಡಿಸಿ, ಹೂವಿಟ್ಟು, ಅಲ್ಲೇ ನೆಲಕ್ಕೆ ಬಟ್ಟೆ ಹಾಸಿ ಊಟ ಮಾಡುವುದು. ಗೋರಿಯ ಮೇಲೆ ಹುಲ್ಲು ಇದ್ದರೆ ಆ ಸತ್ತವರಿಗೆ ಯಾರೂ ದಿಕ್ಕಿಲ್ಲ ಅಂತ ಅರ್ಥ. ಇದನ್ನು ಕೇಳಿ ನನಗೆ ಹೊಸದು ಅನ್ನಿಸಲಿಲ್ಲ. ಎಳ್ಳ ಅಮಾಸಿಗೆ ನಾವೂ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ, ಹಿರಿಯರ ಗದ್ದಿಗೆಯ ಬಾಜೂನೇ ಉಣ್ಣುವವರು.

ಆಕಿಯ ಗಂಡ ಇಲ್ಲಿಯವ, ಹಡಗಿನ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಈಕಿಯನ್ನು ಕಂಡು ಕರೆತಂದವ. ನಾವು ಬೇಲಿ ದಾಟಿ ಗೆಳೆತನ ಮಾಡುವ ಹೊತ್ತಿಗೆ ಅವನು ತೀರಿ ಕೆಲವು ತಿಂಗಳು ಆಗಿತ್ತು. ಮೇ ಬಂತು. "ಮಗಳು ದೂರ ಮೆಲ್ಬರ್ನ್‌ನಾಗ, ನನ್ನ ಮಂದಿ ಇಲ್ಲೆ ಯಾರೂ ಇಲ್ಲ. ನೀವು ಬರ್ರಿ," ಅಂದಳು. ಸ್ಮಶಾನದಲ್ಲಿ ಊಟ ಅಂತ ಕೇಳಿ ಅಳಿಯ ಬೆಪ್ಪಾದ. ಆದರೂ ಕಾರು ತೆಗೆದ. ಮಗಳು ಅಂಗಡಿಯಿಂದ ಬಿಳಿ ಸೇವಂತಿಗೆ ತಂದಳು. ಮೇ ತಿಂಗಳಲ್ಲಿ ಇಲ್ಲಿ ಎಲ್ಲಿ ನೋಡಿದರೂ ಸೇವಂತಿಗೆ.

ಹೋಗಿ ನೋಡಿದರೆ ಗಂಡನ ಗೋರಿಯ ಮೇಲೆ ಹಸರು ಹುಲ್ಲು. ಆಕಿ ಸಲಿಕೆ ಹಿಡಿದಳು. ನಾನು ಕಳೆ ಕೀಳುವ ಖುರಪಿ ತಂದಿದ್ದೆ, ಕುಕ್ಕರುಗಾಲಿನಲ್ಲಿ ಕೂತೆ. ಶೇಂಗಾದ ಹೊಲದಲ್ಲಿ ಕಸ ತೆಗೆದು ಬೆಳೆದ ಕೈ. ಹುಲ್ಲು ಚಾಪೆಯಂಗೆ ಸುಲಭಕ್ಕೆ ಸುರುಳಿ ಸುತ್ತಿ ಬಂತು. ಇಷ್ಟು ಸಡಿಲವಾದ ಕಸ ನಾನು ಕಂಡಿರಲಿಲ್ಲ. ಅರ್ಧ ಆಗಿತ್ತು, ಅಷ್ಟರಲ್ಲಿ ಅಲ್ಲಿಯ ಮಾಲಿ ಓಡುತ್ತ ಬಂದ. ದೊಡ್ಡ ಹೊಟ್ಟೆ, ಟೋಪಿಗಿ.

"ಏನ್ ಮಾಡ್ಲಿಕ್ಹತ್ತೀರಿ? ಈ ಹುಲ್ಲು ನಾನೇ ಹಾಸೀನಿ, ಇದೇ ವಾರ!"

ಕಸ ಅಂತ ನಾನು ಕಿತ್ತದ್ದು ಅವನು ತಂದು ಹಾಸಿದ ಹುಲ್ಲು. ಇಲ್ಲಿ ಗೋರಿಯ ಮೇಲೆ ಹುಲ್ಲಿದ್ದರೇ ಮರ್ಯಾದೆಯಂತೆ. ಆಕಿ ಸೊಂಟದ ಮೇಲೆ ಕೈ ಇಟ್ಟಳು. "ನನ್ನ ಗಂಡ ದಿಕ್ಕಿಲ್ಲದವ ಅಲ್ಲ." ಅವನು, "ಇಲ್ಲಿ ಕಾಯ್ದೆ ಹಂಗದ, ಅಮ್ಮ." ಕಾರಿನ ಹತ್ತಿರ ನಿಂತಿದ್ದ ಅಳಿಯ ಓಡಿಬಂದು ಸಾರಿ ಸಾರಿ ಅಂದ. ಕಡೆಗೆ ರಾಜಿಯಾಯಿತು. ಹುಲ್ಲು ತಿರುಗಿ ಹಾಸುವುದು, ತಲೆಯ ಕಡೆ ಒಂದು ಮೊಳ ಜಾಗ ಬರೀ ಮಣ್ಣು ಬಿಡುವುದು. "ನಾ ನೋಡಿಲ್ಲ," ಅಂದ ಮಾಲಿ. ಅವನನ್ನೂ ಊಟಕ್ಕೆ ಕೂಡ್ರಿಸಿದೆವು. ನಾನು ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಕಟ್ಟಿದ್ದೆ. ಆಕಿ ಗೋವಿನಜೋಳದ ರೊಟ್ಟಿ ಸುಟ್ಟು ತಂದಿದ್ದಳು, ದಪ್ಪದ್ದು, ಜೊತೆಗೆ ಕಾಳಿನ ಪಲ್ಯ. "ನಿನ್ನ ಸಲುವಾಗಿ ಹಂದಿ ಹಾಕಿಲ್ಲ. ರುಚಿ ಇಲ್ಲಂದ್ರ ನಿನ್ನ ತಪ್ಪು," ಅಂದಳು. ರುಚಿ ಇರಲಿಲ್ಲ.

ಅಳಿಯ ಎರಡು ತುತ್ತು ಉಂಡಿದ್ದ. ಆಕಿ ನನ್ನ ಕಡೆ ಆ ಕರಿ ಉಗುರು ತೋರಿಸಿ ಅವನನ್ನು ಕೇಳಿದಳು: "ಈಕಿನ್ನ ಎಲ್ಲಿ ಇಡ್ತಿ?"

"ಅಯ್ಯೋ ಆಂಟಿ, ಅತ್ತೆ ನೂರು ವರ್ಷ ಇರ್ತಾರೆ ಬಿಡಿ."

"ಇರೂದಿಲ್ಲ. ಸಾಯ್ತಾಳ. ನಾನೂ ಸಾಯ್ತೇನಿ, ನೀನೂ ಸಾಯ್ತಿ. ಆಕಿನ್ನ ಕೇಳು."

ಮಗಳು ಏಳಲು ಹೋದಳು. ಅಲ್ಲಿ ತೊಳೆಯಲು ಪಾತ್ರೆ ಇರಲಿಲ್ಲ. ಮಗಳು ಸೆರಗಿನಂಗೆ ಹೊದ್ದ ಶಾಲು ಹಿಡಿದು ಆಕಿ ಕೂಡ್ರಿಸಿದಳು. ಎಲ್ಲರೂ ನನ್ನ ಬಾಯಿ ನೋಡತೊಡಗಿದರು. ಮಾಲಿ ಸಹಿತ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು.

"ನನ್ನ ಸುಡಬ್ಯಾಡ್ರಿ," ಅಂದೆ. "ಮಣ್ಣು ಕೊಡ್ರಿ. ಬ್ಯಾರೆ ಏನೂ ಬ್ಯಾಡ."

ಅಳಿಯ ತುತ್ತು ಕೆಳಗಿಟ್ಟ. "ಅಷ್ಟೇನಾ ಅತ್ತೆ? ನೀವು ಊರಲ್ಲೇ ಆಗ್ಬೇಕು, ಆ ಹೊಲದಲ್ಲೇ ಇಡ್ಬೇಕು ಅಂತೀರೇನೋ, ಫ್ಲೈಟಲ್ಲಿ ಹೇಗಪ್ಪಾ ಕರ್ಕೊಂಡು ಹೋಗೋದು ಅಂತ ನಾನು ಯಾವಾಗಿನಿಂದ್ಲೋ ಒದ್ದಾಡ್ತಿದೀನಿ. ಕೇಳೋಕೆ ಧೈರ್ಯ ಬರ್ಲಿಲ್ಲ."

"ಸತ್ತ ಮ್ಯಾಲೆ ನನಗ್ಯಾಕಪಾ ವಿಮಾನ? ಜೀವ ಇದ್ದಾಗ ಕುಂತು ಬಂದದ್ದಕ್ಕ ಕಾಲು ಬಾತಿದ್ವು."

ಮೊದಲು ನಕ್ಕಾಕಿ ಮಗಳು. ನಗುತ್ತ ಅತ್ತಳು. "ಅಪ್ಪನ ಬಾಜೂ ಬ್ಯಾಡೇನವ್ವಾ?" ಅಂತ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ, ಏನು ಕೇಳಿದಳು ಅಂತ ಅಳಿಯನಿಂದ ತಿಳಿದು, ಆಕಿಯೇ ಮಾತಾಡಿದಳು. ಆ ಮಾತು ನನಗೆ ಪೂರಾ ನೆನಪಿದೆ.

"ನಮ್ಮ ಮಂದಿ ಮೂರು ರಾಜ್ಯದಾಗ ಗೋರಿ ಬಿಟ್ಟು ಬಂದಾರ. ಯಾರೂ ಹಿರಿಯರ ಎಲುಬು ಹೊತ್ಕೊಂಡು ತಿರಗಲಿಲ್ಲ. ಎಲ್ಲೆ ಮೊದಲನೇ ಗೋರಿ ಬಿತ್ತೋ, ಅವತ್ತಿಂದ ಅದು ನಮ್ಮ ಊರು. ಅಲ್ಲೀತನಕ ನೀವು ಎಷ್ಟು ಮಾರ್ಟ್‌ಗೇಜ್ ಕಟ್ಟಿದ್ರೂ ಬಾಡಿಗಿ ಮಂದಿ."

ಅಷ್ಟು ಹೇಳಿ ನನ್ನ ಎಣ್ಣಿಗಾಯಿ ಇನ್ನೊಂದು ಹಾಕಿಸಿಕೊಂಡಳು. ಆವತ್ತು ರಾತ್ರಿ ನಾನು ಬೆಳಗಾಗುವ ತನಕ ಮಗ್ಗಲು ಬದಲಿಸದೆ ನಿದ್ದಿ ಮಾಡಿದೆ.

ಮುಂದಿನ ವರ್ಷ ಆಕಿ ಗುಡಿಸುವಾಗ ಬಿದ್ದು ಟೊಂಕದ ಎಲುಬು ಮುರಿಯಿತು. ಆಕಿಯ ಮಗಳು ಬಂದು ಮೆಲ್ಬರ್ನ್‌ಗೆ ಕರೆದುಕೊಂಡು ಹೋದಳು. ಮನಿ ಮಾರಿದರು. ಕೊಂಡವರು ಮಾಡಿದ ಮೊದಲ ಕೆಲಸ ಹುಲ್ಲು ಹಾಸಿದ್ದು.

ನನ್ನ ಮಗಳು ಆಫೀಸಿನ ಕೆಲಸಕ್ಕೆ ಎರಡು ದಿನ ಮೆಲ್ಬರ್ನ್‌ಗೆ ಹೊರಟಾಗ ನಾನೂ ಜೊತೆಗೆ ಹೋಗಿ ಆಕಿಯನ್ನು ನೋಡಿದೆ. ಮ್ಯಾಲಿನ ಅಂತಸ್ತಿನ ಮನಿ. ಗುಡಿಸಲು ಅಂಗಳವಿಲ್ಲ. ಆಕಿಯ ಉಗುರನ್ನು ಯಾರೋ ನೀಟಾಗಿ ಕತ್ತರಿಸಿ ತೊಳೆದಿದ್ದರು. ಅದನ್ನು ಕಂಡು ಇನ್ನು ಭಾಳ ದಿನ ಇಲ್ಲ ಅನ್ನಿಸಿತು. ಆಕಿಗೂ ಗೊತ್ತಿತ್ತು. ತನ್ನ ಮಗಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದಳು. ಆ ಹುಡುಗಿಗೆ ತಾಯಿಯನ್ನು ಸುಟ್ಟು, ಅರ್ಧ ಬೂದಿ ಅಲಬಾಮಾಕ್ಕೆ ಒಯ್ದು, ಅರ್ಧ ಅಪ್ಪನ ಹತ್ತಿರ ಇಡುವ ವಿಚಾರ ಇತ್ತಂತೆ. ಮಗಳ ಪ್ರೀತಿ ಅದು, ತಪ್ಪೇನಿಲ್ಲ.

"ನನ್ನ ಪುಡಿ ಮಾಡಿ ಪಾಲು ಮಾಡಬ್ಯಾಡ. ಇಡಿಯಾಗಿ ನಿಮ್ಮಪ್ಪನ ಬಾಜೂ ಇಡು. ಈಕಿ ಸಾಕ್ಷಿ," ಅಂದಳು.

"ಮಮ್, ಹಂಗೇ ಮಾಡ್ತೇನಿ," ಅಂದಳು ಮಗಳು. ನನ್ನ ಕಡೆ ತಿರುಗಿ, "ಇನ್ನೇನರ ಐತೇನು?" ಅಂತ ಕೇಳಿದಳು. ನಾನು ಅಂದೆ: "ತಲಿ ಕಡೆ ಒಂದು ಮೊಳ ಮಣ್ಣು."

ಚಳಿಗಾಲ ಮುಗಿಯುವ ಮೊದಲು ಫೋನು ಬಂತು. ಆಕಿಯ ಮಗಳು ಮಾತು ಉಳಿಸಿಕೊಂಡಳು, ಮೆಲ್ಬರ್ನ್‌ನಿಂದ ಸಿಡ್ನಿಗೆ ಇಡಿಯಾಗಿಯೇ ತಂದಳು. ನಾನು ಒಂದು ಹಿಡಿ ಮಣ್ಣು ಹಾಕಿದೆ. ಅಳಲಿಲ್ಲ. ಬೇಕು ಅಂದದ್ದು ಆಕಿಗೆ ಸಿಕ್ಕಿತ್ತು, ಅಳುವುದು ಯಾಕೆ?

ಆಮೇಲೆ ಅಳಿಯ ತಾನೇ ಹೋಗಿ ಅದೇ ಸ್ಮಶಾನದಲ್ಲಿ ದಾರಿಯ ಆಚೆ ನನಗೊಂದು ಜಾಗ ಬುಕ್ ಮಾಡಿ ಬಂದ. ಕರೆದುಕೊಂಡು ಹೋಗಿ ತೋರಿಸಿದ. "ಪರವಾಗಿಲ್ವಾ ಅತ್ತೆ?" ಅಂದ. ಮಣ್ಣು ಹಿಡಿದು ನೋಡಿದೆ. ನಮ್ಮ ಎರೀ ಮಣ್ಣಿನಂಗೆ ಇಲ್ಲ, ಜಿಗಟು ಕಮ್ಮಿ. ನಡೀತದ ಅಂದೆ.

ಮೇ ತಿಂಗಳಲ್ಲಿ ಸೇವಂತಿಗೆ, ರೊಟ್ಟಿ, ಖುರಪಿ ತೊಗೊಂಡು ಆಕಿಯ ಗೋರಿಗೆ ಹೋಗುತ್ತೇನೆ. ಮಾಲಿ ದೂರದಿಂದ ನೋಡಿ ಬೆನ್ನು ತಿರುಗಿಸುತ್ತಾನೆ. ಊಟದ ಹೊತ್ತಿಗೆ ಸರಿಯಾಗಿ ಬರುತ್ತಾನೆ. "ಅಮ್ಮ, ಎಷ್ಟು ಕಿತ್ತರೂ ಹುಲ್ಲು ಮತ್ತ ಬೆಳೀತದ," ಅನ್ನುತ್ತಾನೆ. "ಬೆಳೀಲಿ, ಮತ್ತ ಬರ್ತೇನಿ," ಅನ್ನುತ್ತೇನೆ.

ದಾರಿಯ ಆಚೆ ನನ್ನ ಜಾಗದ ಮೇಲೂ ಹುಲ್ಲು ದಟ್ಟವಾಗಿ ಬೆಳೆದಿದೆ. ಅದನ್ನು ನಾನು ಮುಟ್ಟುವುದಿಲ್ಲ. ಅದು ಮಗಳು, ಅಳಿಯನ ಕೆಲಸ. ಖುರಪಿ ಎಲ್ಲಿಟ್ಟಿದ್ದೇನೆ ಅಂತ ಅವರಿಗೆ ತೋರಿಸಿದ್ದೇನೆ.