ಗ್ವಾಡಿಯ ಮೇಲಿನ ರಾಡಿ ಗೆರೆ

ಕಲಬುರಗಿಯಿಂದ ಬೆಳಗಿನ ರೈಲಿಗೆ ಹೊರಟೆ. ಕಾಗಿಣಾ ನದಿಯ ಪ್ರವಾಹ ಇಳಿದು ಎರಡು ತಿಂಗಳಾಗಿತ್ತು. ಸೇಡಂ ತಾಲ್ಲೂಕಿನ ನದಿ ದಂಡೆಯ ಊರೊಂದಕ್ಕೆ ಹೋಗಿ, ಜನರ ಮನಸ್ಸು ಹೇಗಿದೆ ಎಂದು ಕೇಳಿ ಬರುವುದು ನನ್ನ ಕೆಲಸ. ನಾನು ಸರ್ಕಾರದ ಆಪ್ತಸಮಾಲೋಚಕ, ಅದೂ ಗುತ್ತಿಗೆಯ ಮೇಲೆ. ಹಗಲೆಲ್ಲ ಊರಿನವರಿಗೆ ಧೈರ್ಯ ಹೇಳಿ, ಸಂಜೆ ಬಾಡಿಗೆ ಕೋಣೆಯಲ್ಲಿ ಮಾತಿಲ್ಲದೆ ಉಣ್ಣುವವನು.

ಶಹಾಬಾದ್‌ನಲ್ಲಿ ಹಳಿಯ ಪಕ್ಕದ ಫರಸಿ ಕಲ್ಲಿನ ರಾಶಿಗಳು ಇಬ್ಬನಿಗೆ ಒದ್ದೆಯಾಗಿದ್ದವು. ವಾಡಿಯಲ್ಲಿ ಇಳಿದು ಮುಂದಿನ ರೈಲಿಗೆ ಒಂದೂವರೆ ಗಂಟೆ ಕಾದೆ. ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದೆ. ಪಕ್ಕ ಕುಳಿತಿದ್ದ ಚಿಂಚೋಳಿಯ ಮೇಷ್ಟ್ರು ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡರು.

"ಮನಸ್ಸಿನ ಸರ್ವೇನೂ ಸುರು ಆತೇನ್ರಿ? ಮೊದ್ಲ ಮನಿ ಸರ್ವೇ ನೆಟ್ಟಗ ಮಾಡ್ರಿ ಅಂತ ಹೇಳ್ರಿ ನಿಮ್ಮವ್ರಿಗೆ."

ನಾನು ನಕ್ಕೆ. ಅವರು ನಗಲಿಲ್ಲ.

ಚಿತ್ತಾಪುರ ದಾಟಿದ ಮೇಲೆ ನದಿ ಕಡೆಯ ಹೊಲಗಳಲ್ಲಿ ತೊಗರಿ ಕೊಳೆತು ಕಪ್ಪಗಾಗಿತ್ತು. ಸೇಡಂನಿಂದ ಟಂಟಂ ಆಟೊ ಹಿಡಿದೆ, ಮೂವತ್ತು ರೂಪಾಯಿ. ಪಂಚಾಯಿತಿ ಅಂಗಳದಲ್ಲಿ ನೂರಾರು ಜನ ಕಾಯುತ್ತಿದ್ದರು. ಇಷ್ಟು ಮಂದಿ ನನಗಾಗಿ ಎಂದೂ ಸೇರಿದ್ದಿಲ್ಲ. ಒಳಗೊಳಗೇ ಹಿಗ್ಗಿದೆ. ಎಲ್ಲರ ಕೈಯಲ್ಲೂ ಬಿದ್ದ ಮನೆಯ ಫೋಟೊ, ಆಧಾರ್ ಜೆರಾಕ್ಸ್ ಇದ್ದವು. ಅದೇಕೆಂದು ಆಮೇಲೆ ತಿಳಿಯಿತು. ನಮ್ಮ ಪತ್ರದಲ್ಲಿದ್ದ 'ಮನಃಸ್ಥಿತಿ ಪರಿಶೀಲನೆ'ಯನ್ನು ಪಂಚಾಯಿತಿಯವರು ಮೈಕಿನಲ್ಲಿ 'ಮನೆ ಸ್ಥಿತಿ ಪರಿಶೀಲನೆ' ಎಂದು ಓದಿಬಿಟ್ಟಿದ್ದರು! ನಾನು ಮನೆ ನೋಡುವವನಲ್ಲ ಎಂದು ಹೇಳಿದ ಐದೇ ನಿಮಿಷಕ್ಕೆ ಅಂಗಳ ಖಾಲಿಯಾಯಿತು. ನಾಚಿಕೆಯಾಯಿತು.

ಒಬ್ಬ ಹೆಂಗಸು ಮಾತ್ರ ಉಳಿದರು. ಹೆಸರು ಶಾಂತಾಬಾಯಿ, ಹೊಲದ ಕೂಲಿ, ಐವತ್ತರ ಆಸುಪಾಸು. "ಯಾವ ಸಾಹೇಬ್ರಾದ್ರೇನ್ರಿ, ಬಂದು ನೋಡ್ರಿ" ಎಂದು ಮನೆಗೆ ಕರೆದೊಯ್ದರು.

ಒಂದೇ ಕೋಣೆ. ನೆಲ ಸಾರಿಸಿತ್ತು, ಪಾತ್ರೆಗಳು ಹೊಳೆಯುತ್ತಿದ್ದವು. ಗೋಡೆಗೆ ಮಾತ್ರ ಎದೆಮಟ್ಟದವರೆಗೆ ರಾಡಿ ಹಾಗೆಯೇ ಇತ್ತು.

"ಇದನ್ನೇಕೆ ತೊಳೆದಿಲ್ಲಮ್ಮ?"

"ತಾಲೂಕ ಕಚೇರಿಯವ್ರು, ಪಂಚನಾಮಾ ಆಗೋತನ ಗ್ವಾಡಿ ಮುಟ್ಟಬ್ಯಾಡ್ರಿ ಅಂದು ಹೋಗ್ಯಾರ್ರಿ. ಮತ್ತ ಯಾರೂ ಬಂದಿಲ್ಲ. ತೊಳದ್ರ ನೀರು ಬಂದೇ ಇಲ್ಲ ಅಂದಾರು. ಕಣ್ಣ ಮುಚ್ಚಿದ್ರ ಆ ಗೆರಿ ಮ್ಯಾಲೆ ಏರಾಕತ್ತಂಗ ಆಗ್ತದ. ನಿದ್ದಿನೇ ಇಲ್ಲರಿ."

ನನ್ನ ಚೀಲದಲ್ಲಿ ಮೂವತ್ತು ಪ್ರಶ್ನೆಗಳ ಫಾರ್ಮು ಇತ್ತು. ತೆಗೆಯಲು ಮನಸ್ಸಾಗಲಿಲ್ಲ. ತಾಲ್ಲೂಕು ಕಚೇರಿಗೆ ಫೋನು ಮಾಡಿದೆ. ಮೂರನೆಯ ಸಲ ಯಾರೋ ಎತ್ತಿ, ನೋಡೋಣ ಎಂದು ಇಟ್ಟರು. ಗೋಡೆಯ ಫೋಟೊ ತೆಗೆದೆ. ಪಕ್ಕದ ಮನೆಯವರನ್ನು ಕರೆಸಿದೆ. ನೀರು ಇಷ್ಟು ಎತ್ತರ ಬಂದ ಗುರುತನ್ನು ಕಣ್ಣಾರೆ ಕಂಡೆ ಎಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ನೆರೆಯವರ ಸಹಿಯನ್ನೂ ಹಾಕಿಸಿದೆ.

"ಇದು ನಡೀತದೇನ್ರಿ?" ಶಾಂತಾಬಾಯಿ ಕೇಳಿದರು.

"ಗೊತ್ತಿಲ್ಲಮ್ಮ. ನನಗೆ ಆ ಅಧಿಕಾರ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಗೊತ್ತಿಲ್ಲ ಅಂದವ್ರು ನೀವೊಬ್ರೇ ನೋಡ್ರಿ" ಎಂದು ಒಳಗಿನಿಂದ ಬಕೆಟ್ಟು ನೀರು, ಹಳೆಯ ಅರಿವೆ ತಂದು ನನ್ನ ಮುಂದಿಟ್ಟರು. "ಈ ಗೆರಿ ನೋಡಿ ಸಾಕಾಗ್ಯದ್ರಿ, ಅಳಸಾಕ ನನ್ನ ಕೈ ಏಳಂಗಿಲ್ಲ. ನೀವು ವರಸ್ರಿ. ಸರಕಾರದ ಕೈಲೇ ಹೋಗ್ಲಿ."

ನನಗೆ ಭಯವಾಯಿತು. ಗುತ್ತಿಗೆಯವನ ಕೈ ಸರ್ಕಾರದ ಕೈ ಹೇಗಾದೀತು? ಆದರೂ ತೋಳು ಮಡಚಿ ಮೂಲೆಯಿಂದ ಶುರು ಮಾಡಿದೆ. ರಾಡಿ ಸುಲಭಕ್ಕೆ ಬಿಡಲಿಲ್ಲ. ಬಟ್ಟೆ ಹಿಂಡಿ ಹಿಂಡಿ ಒರೆಸಿದೆ. ಸ್ವಲ್ಪ ಹೊತ್ತು "ಅಲ್ಲಿ ಉಳದದ, ಇನ್ನಷ್ಟು ನೀರ ಹಾಕ್ರಿ" ಎನ್ನುತ್ತಿದ್ದರು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ಶಾಂತಾಬಾಯಿ ಎದುರಿನ ಕಂಬಕ್ಕೆ ಒರಗಿ, ನಡುಹಗಲಿನಲ್ಲಿ ಗಾಢ ನಿದ್ದೆ ಹೋಗಿದ್ದರು.

ಎಬ್ಬಿಸಲಿಲ್ಲ. ಉಳಿದ ಮೊಳದಷ್ಟು ಗೆರೆಯನ್ನು ಸದ್ದಾಗದಂತೆ ಒರೆಸಿ ಮುಗಿಸಿದೆ. ಸಹಿ ಮಾಡಿದ ಹಾಳೆಯನ್ನು ಅವರ ಪಕ್ಕ ಚೆಂಬಿನ ಕೆಳಗಿಟ್ಟೆ. ಹೋಗಿ ಬರುತ್ತೇನೆ ಎಂದು ಹೇಳಲೂ ಆಗದೆ ಹೊರಬಿದ್ದೆ.

ಸೇಡಂನಿಂದ ಸಂಜೆಯ ರೈಲಿನಲ್ಲಿ ಒಬ್ಬನೇ ಮರಳಿದೆ. ಆ ಊರಿನ ಅಷ್ಟು ಜನರಲ್ಲಿ ನನ್ನ ಮಾತು ನಂಬಿದವರು ಅವರೊಬ್ಬರೇ. ಕಚೇರಿ ಒಪ್ಪುವಂಥ, ಅವರ ಬಳಿಯಿದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಾರೆ ತೊಳೆದು ಬಂದಿದ್ದೆ.