ಟೈಲರ್ ಹಲಗೆಯ ಮೇಲೆ ಹಬ್ಬದೂಟ

ಎಂಬತ್ತಮೂರರ ರಂಜಾನಿನಲ್ಲಿ, ಆರ್.ಟಿ. ನಗರದ ಟೈಲರ್ ಮನ್ಸೂರನ ಹೆಂಡತಿ ಜಾಹಿದಾಗೆ ಇದ್ದದ್ದು ಒಂದೇ ಚಿಂತೆ. ಹಬ್ಬದೂಟಕ್ಕೆ ಅತ್ತೆ ಜೈಬುನ್ನೀಸಾ ಎಲ್ಲರ ಜೊತೆ ಕೂರಬೇಕು.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರಿಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಮನೆಯವರೆಲ್ಲ ನೆಲಕ್ಕೆ ದಸ್ತರಖಾನ್ ಹಾಸಿ, ಆ ಕೆಂಪು ಬಟ್ಟೆಯ ಸುತ್ತ ಕೂತು ಉಣ್ಣುವಾಗ ಅವರೊಬ್ಬರೇ ಒಳಕೋಣೆಯ ಮಂಚದ ಮೇಲೆ. ಪಕ್ಕದಲ್ಲೇ ಕುರ್ಚಿ ಹಾಕುತ್ತೇನೆಂದರೆ ಕೆಂಡವಾಗುತ್ತಿದ್ದರು.

"ಅನ್ನ ನೆಲದ ಮೇಲೆ, ಅದರ ಪಕ್ಕ ನನ್ನ ಕಾಲು! ತೋಬಾ! ಅದಕ್ಕಿಂತ ಉಪವಾಸ ಇರ್ತೀನಿ."

ಗೋಡೆಯಾಚೆ ಒಂಟಿ ತಟ್ಟೆಯ ಸದ್ದು ಕೇಳಿದರೆ ಜಾಹಿದಾಗೆ ತುತ್ತು ಇಳಿಯುತ್ತಿರಲಿಲ್ಲ. ಅತ್ತೆಯನ್ನು ಕೆಳಗೆ ಕೂರಿಸಲಾಗದಿದ್ದರೆ ದಸ್ತರಖಾನನ್ನೇ ಮೇಲಕ್ಕೆ ಎತ್ತಿದರಾಯಿತು ಎಂದುಕೊಂಡಳು. ಅವಳ ಸ್ವಭಾವವೇ ಹಾಗೆ. ತಣಿಸಂದ್ರದಿಂದ ಸೊಸೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಖಾಲಿ ದಾರದ ರೀಲು ಕೂಡ ಕಸಕ್ಕೆ ಬಿದ್ದದ್ದಿಲ್ಲ. ಅದೂ ಅವಳ ಪುಟ್ಟ ಮಗನ ಆಟದ ಗಾಡಿಗೆ ಚಕ್ರವಾಗುತ್ತಿತ್ತು.

"ಡೈನಿಂಗ್ ಟೇಬಲ್ಲಾ? ನಾವೇನು ಕಲೆಕ್ಟರ್ ಮನೆಯವ್ರಾ?" ಮನ್ಸೂರ್ ನಕ್ಕ.

"ಟೇಬಲ್ ಯಾರ್ ಕೇಳಿದ್ರು? ನಿಮ್ಮ ಕಟಿಂಗ್ ಹಲಗೆ ಕೊಡಿ ಸಾಕು."

"ಹಬ್ಬದ ಹಿಂದಿನ ದಿನದವರ್ಗೂ ಅದ್ರ ಮೇಲೆ ಬಟ್ಟೆ ರಾಶಿ ಇರುತ್ತೆ ಕಣೇ."

"ಹಬ್ಬದ ದಿನ ಇರಲ್ವಲ್ಲ?"

ಹಬ್ಬದ ಬೆಳಿಗ್ಗೆ ಗಂಡಸರು ನಮಾಜಿಗೆ ಹೊರಟಿದ್ದೇ ತಡ, ಪಕ್ಕದ ಮನೆಯ ರಾಮಲಕ್ಷ್ಮಮ್ಮನನ್ನು ಕೂಗಿದಳು.

"ಹಬ್ಬದ ದಿನಾನೂ ನನ್ ಕೈಲಿ ಕೂಲಿ ಮಾಡಿಸ್ತೀಯಲ್ಲೇ!"

"ಬಿರಿಯಾನಿ ಕಳಿಸ್ತೀನಲ್ಲ, ಅಕ್ಕ."

"ಬರೀ ಅನ್ನ ಕಳಿಸೀಯ, ಹುಷಾರು!"

ಇಬ್ಬರೂ ಮನೆಯ ಬೀದಿಕಡೆಯ ಅಂಗಡಿಯಿಂದ ಹಲಗೆ ಹೊತ್ತು ನಡುಮನೆಗೆ ತಂದು, ತಲೆ ಒಳಕ್ಕೆ ಮಡಚಿದ್ದ ಎರಡು ಹೊಲಿಗೆ ಮಿಷನ್ನುಗಳ ಮೇಲೆ ಇಟ್ಟರು. ಮಗುವಿನ ಬೆರಳು ಸಿಕ್ಕಿಕೊಂಡೀತೆಂದು ಜಾಹಿದಾ ಮೊದಲೇ ಬೆಲ್ಟುಗಳನ್ನು ಬಿಚ್ಚಿದ್ದಳು. ಮನೆಯ ದಸ್ತರಖಾನ್ ಅಷ್ಟುದ್ದದ ಹಲಗೆಗೆ ಸಾಲುತ್ತಿರಲಿಲ್ಲ. ಅದಕ್ಕೇ ಉಪವಾಸದ ಮಧ್ಯಾಹ್ನಗಳಲ್ಲಿ, ಮಗು ಮಲಗಿದ ಹೊತ್ತು ನೋಡಿ, ಅಂಗಡಿಯಲ್ಲಿ ಉಳಿದ ಚೂರುಬಟ್ಟೆಗಳನ್ನು ತ್ರಿಕೋನವಾಗಿ ಮಡಚಿ ಸುತ್ತಲೂ ಅಂಚು ಕಟ್ಟಿದ್ದಳು. ಬ್ಲೌಸಿನ ಲೈನಿಂಗು, ಸ್ಕೂಲ್ ಯೂನಿಫಾರ್ಮಿನ ನೀಲಿ, ಯಾರದೋ ಮದುವೆಯ ಸ್ಯಾಟಿನ್, ಎಲ್ಲವೂ ಅದರಲ್ಲಿತ್ತು. ತೆವಳುವ ಮಗು ಬಟ್ಟೆ ಎಳೆದರೆ ಬಿಸಿ ಬಿರಿಯಾನಿ ಅವನ ಮೇಲೆಯೇ! ಪಿನ್ನು ಹಾಕಿದರೆ ಅದನ್ನೂ ಕಿತ್ತು ಬಾಯಿಗಿಟ್ಟಾನು. ಹಾಗಾಗಿ ಮೂಲೆಗಳಿಗೆ ಲಾಡಿ ಹೊಲಿದು ಹಲಗೆಯಡಿ ಬಿಗಿದು ಕಟ್ಟಿದಳು. ಸ್ಟೀಲ್ ಲೋಟಗಳಲ್ಲಿ ಪುದೀನ ನಿಲ್ಲಿಸಿದಳು. ನಡುವಿನ ಗಾಜಿನ ಬಟ್ಟಲ ನೀರಲ್ಲಿ ರಾಮಲಕ್ಷ್ಮಮ್ಮನ ಹಿತ್ತಲಿನ ಕನಕಾಂಬರ ತೇಲಿತು.

ಯಶವಂತಪುರದಿಂದ ಬಂದ ನಾದಿನಿ ಕನೀಜ್ ಬಾಗಿಲಲ್ಲೇ ನಿಂತಳು. "ಏನ್ ಭಾಭಿ, ಹೋಟ್ಲು ಇಟ್ರಾ? ಬಿಲ್ ಯಾರ್ ಕೊಡ್ಬೇಕು?"

ಜಾಹಿದಾ ಒಳಕೋಣೆಯ ಕಡೆ ತಿರುಗಿದಳು. ಈ ಮಾತು ಒಳಗೆ ಕೇಳಿಸಿದರೆ ಅತ್ತೆ ಹೊಸಿಲು ದಾಟುವುದುಂಟೆ?

ಕೇಳಿಸಿಯೇ ಇತ್ತು. ಜೈಬುನ್ನೀಸಾ ಕೋಲೂರಿಕೊಂಡು ಹೊರಬಂದರು. ಯಾರ ಮುಖವನ್ನೂ ನೋಡದೆ ಹಲಗೆಯ ಸುತ್ತ ಒಂದು ಸುತ್ತು ಹಾಕಿದರು. ಅಲುಗುತ್ತದೋ ಎಂದು ಒತ್ತಿ ನೋಡಿದರು. ಅಂಚಿನ ಒಂದು ಹಸಿರು ಚೂರಿನ ಮೇಲೆ ಅವರ ಬೆರಳು ನಿಂತಿತು.

"ಇದು ನನ್ನ ಕಮೀಜಿನ ಬಟ್ಟೆ ಅಲ್ವಾ? ಬಟ್ಟೆ ಸಾಲ್ಲಿಲ್ಲ ಅಮ್ಮೀ ಅಂತ ಗಿಡ್ಡ ಹೊಲ್ಕೊಟ್ಟ ನನ್ನ ಮಗ!"

ನಮಾಜಿನಿಂದ ಬಂದಿದ್ದ ಮನ್ಸೂರ್ ಅವಸರವಸರವಾಗಿ ಲೋಟಗಳಿಗೆ ನೀರು ಸುರಿಯತೊಡಗಿದ. ಕನೀಜ್ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

"ಅಮ್ಮೀ, ಈಗ ಅನ್ನ ಮೇಲಿದೆ," ಜಾಹಿದಾ ಮೆಲ್ಲಗೆ ಹೇಳಿದಳು. "ಎಲ್ಲರ ಕಾಲೂ ಕೆಳಗೇ."

ಅತ್ತೆ ಕೋಲನ್ನು ಹಲಗೆಗೆ ಒರಗಿಸಿದರು. "ಮತ್ತೆ ನನ್ನ ಕುರ್ಚಿ ಎಲ್ಲಿ?"

ಕೂತರು. ಬಡಿಸಲು ನಿಂತಿದ್ದ ಜಾಹಿದಾಳ ಕೈ ಹಿಡಿದು ಪಕ್ಕದ ಬೆಂಚಿಗೆ ಎಳೆದು ಕೂರಿಸಿ, ಬಿಸ್ಮಿಲ್ಲಾ ಎಂದು ತುತ್ತು ಎತ್ತಿದರು.

ಊಟ ಮುಗಿದ ಮೇಲೆ ಮನ್ಸೂರ್ ಹಲಗೆಯ ಒಂದು ತುದಿಗೆ ಕೈ ಹಾಕಿದ.

"ಅದ್ಯಾಕೋ ಎತ್ತುತೀಯ?" ತಾಯಿ ಗದರಿದರು. "ಅಂಗ್ಡಿ ನಾಳೆ ತಾನೇ ತೆಗೆಯೋದು? ರಾತ್ರಿ ನಾನು ಎಲ್ಲಿ ಊಟ ಮಾಡ್ಲಿ?"